ಅರೆಗಿವಿಗೆ ಬರೆದ ಸಂಗೀತ

ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಆಟ ಶುರುವಾಗುವ ಗಳಿಗೆಯನ್ನು ಗಮನಿಸಿ. ಪರದೆಯ ನಡುವೆ ಊರಿನ ಮುಖ್ಯ ಕಟ್ಟಡವಾದ ಒಂದು ಟೌನ್ ಸೆಂಟರ್, ಹೆಚ್ಚಿನ ನಾಗರಿಕತೆಗಳಿಗೆ ಮೂವರು ಹಳ್ಳಿಗರು, ಸುತ್ತಲ ನೆಲ ನೋಡಿ ಬರಲು ಒಬ್ಬ ಸ್ಕೌಟ್. ಅದರಾಚೆ ಬರೀ ಕಪ್ಪು. ಆಗ ನೀವು ಆರಿಸಿಕೊಂಡ ನಾಗರಿಕತೆಯದೇ ಆದ ಒಂದು ತುಣುಕು ರಾಗ ಕೆಲವೇ ಸೆಕೆಂಡು ಕೇಳಿಸಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ಕೈ ಹಳ್ಳಿಗರನ್ನು ಕುರಿಯ ಹತ್ತಿರ ಕಳಿಸಿರುತ್ತದೆ, ಕಣ್ಣು ಆಹಾರದ ಅಂಕಿಯ ಮೇಲಿರುತ್ತದೆ. ಯಾರೂ ಆ ರಾಗವನ್ನು ಕೂತು ಕೇಳುವುದಿಲ್ಲ. ಆದರೂ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಅದೇ ತುಣುಕು ಎಲ್ಲಾದರೂ ಕಿವಿಗೆ ಬಿದ್ದರೆ ಇದು ಬ್ರಿಟನ್ನರದ್ದು, ಇದು ಜಪಾನೀಯರದ್ದು ಎಂದು ಥಟ್ಟನೆ ಗುರುತು ಹಿಡಿಯುವವರು ಬಹಳ ಜನ ಇದ್ದಾರೆ.

1999ರಲ್ಲಿ ಬಂದ ಆ ಆಟಕ್ಕೆ ಸಂಗೀತ ಕೊಟ್ಟವರು ಸ್ಟೀಫನ್ ರಿಪ್ಪಿ. ಇತಿಹಾಸವನ್ನು ಆಧರಿಸಿ, ರಾಜ್ಯ ಕಟ್ಟಿ ಯುದ್ಧ ನಡೆಸುವ ಸ್ಟ್ರಾಟಜಿ ಗೇಮ್‌ಗಳ ಸಂಗೀತ ಯಾಕೆ ಇಷ್ಟು ಹಿಡಿಸುತ್ತದೆ ಎಂಬುದಕ್ಕೆ ಉತ್ತರ ಈ ಮೊದಲ ಕೆಲವು ಸೆಕೆಂಡುಗಳಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಇದು ಅರೆಗಿವಿಯಲ್ಲಿ ಕೇಳಲೆಂದೇ ಕಟ್ಟಿದ ಸಂಗೀತ. ಸಿನಿಮಾಕ್ಕೆ ಬರೆಯುವವನಿಗೆ ನಾಯಕ ಎಷ್ಟನೇ ನಿಮಿಷಕ್ಕೆ ಬಾಗಿಲು ತೆರೆಯುತ್ತಾನೆಂದು ಗೊತ್ತಿರುತ್ತದೆ. ಇಲ್ಲಿ ಅದು ಗೊತ್ತಿಲ್ಲ. ಆಟ ನಲವತ್ತು ನಿಮಿಷಕ್ಕೂ ಮುಗಿಯಬಹುದು, ನಲವತ್ತು ಗಂಟೆಯೂ ಹಿಡಿಯಬಹುದು. ಕೇಳುವವನ ಮನಸ್ಸೆಲ್ಲ ಮರ, ಚಿನ್ನ, ಗಡಿ, ಸಾಲದ ಲೆಕ್ಕದಲ್ಲಿ. ಆ ಲೆಕ್ಕ ಕೆಡಿಸದೆ ಕಿವಿಯ ಒಂದು ಮೂಲೆಯಲ್ಲಿ ಗಂಟೆಗಟ್ಟಲೆ ಬದುಕುಳಿಯುವುದು ಸಣ್ಣ ಕೆಲಸವಲ್ಲ.

ಮೊದಲನೆಯ ಶತ್ರು ಪುನರಾವರ್ತನೆ. ಲೆಕ್ಕ ಸರಳ. ಒಂದು ಆಟದಲ್ಲಿ ಒಟ್ಟು 60 ನಿಮಿಷದ ಸಂಗೀತ ಇದೆ, ನೀವು 20 ಗಂಟೆ ಆಡಿದಿರಿ ಎಂದರೆ ಪ್ರತಿ ತುಣುಕೂ ಸುಮಾರು 20 ಸಲ ಕಿವಿಗೆ ಬಿದ್ದಿದೆ. ಎದ್ದು ಕಾಣುವ, ಗುನುಗಿಕೊಳ್ಳಲು ಬರುವ ಧಾಟಿ ಮೂರನೇ ಸಲಕ್ಕೆ ಖುಷಿ ಕೊಡುತ್ತದೆ, ಹದಿನೈದನೇ ಸಲಕ್ಕೆ ತಲೆ ತಿನ್ನುತ್ತದೆ. ಧಾಟಿಯೇ ಇಲ್ಲದ ಬರೀ ಗುಂಯ್‌ಗುಟ್ಟುವಿಕೆ ತಲೆ ತಿನ್ನುವುದಿಲ್ಲ, ಆದರೆ ನೆನಪಿನಲ್ಲೂ ಉಳಿಯುವುದಿಲ್ಲ. ಒಳ್ಳೆಯ ಸಂಯೋಜಕರು ನಡುವಿನ ಹಾದಿ ಹಿಡಿಯುತ್ತಾರೆ. ತಾಳವೂ ಶ್ರುತಿಯೂ ಸದಾ ಇರುತ್ತವೆ, ಗುರುತಿಗೆ ಸಿಗುವ ಧಾಟಿ ಮಾತ್ರ ಅಪರೂಪಕ್ಕೆ, ನಾಲ್ಕು ನಿಮಿಷದಲ್ಲಿ ಒಂದೋ ಎರಡೋ ಸಲ ತಲೆ ಎತ್ತುತ್ತದೆ. ಮೌನವನ್ನೂ ಬಳಸಿಕೊಳ್ಳುತ್ತಾರೆ. ಎರಡು ತುಣುಕುಗಳ ನಡುವೆ ಅರ್ಧ ನಿಮಿಷ ಬರೀ ಗಾಳಿ, ಹಕ್ಕಿ, ಕೊಡಲಿಯ ಸದ್ದು ಇದ್ದರೆ ಮುಂದಿನ ತುಣುಕು ಹೊಸದಾಗಿ ಕೇಳುತ್ತದೆ.

ಎರಡನೆಯ ತೊಡಕು ಜಾಗದ್ದು. ಸ್ಟ್ರಾಟಜಿ ಗೇಮ್‌ನಲ್ಲಿ ಶಬ್ದವೂ ಸುದ್ದಿ. ನಕ್ಷೆಯ ಇನ್ನೊಂದು ತುದಿಯಲ್ಲಿ ನಿಮ್ಮ ಹಳ್ಳಿಗರ ಮೇಲೆ ದಾಳಿಯಾದರೆ ಏಜ್ ಆಫ್ ಎಂಪೈರ್ಸ್ 2 ಕಹಳೆ ಊದಿ ತಿಳಿಸುತ್ತದೆ. ಅದು ಕೇಳಿಸದಿದ್ದರೆ ಹತ್ತು ಹಳ್ಳಿಗರು ಹೋದರೆಂದೇ ಲೆಕ್ಕ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 1000ದಿಂದ 4000 ಹರ್ಟ್ಸ್ ಆಸುಪಾಸಿನಲ್ಲಿ. ಮಾತಿನ ಸ್ಪಷ್ಟತೆ ಇರುವುದೂ ಅಲ್ಲೇ, ಎಚ್ಚರಿಕೆಯ ಸದ್ದುಗಳನ್ನು ಕೂರಿಸುವುದೂ ಅಲ್ಲೇ. ಸಂಗೀತದಲ್ಲಿ ಪಿಟೀಲು, ತುತ್ತೂರಿ, ಗಾಯನ ಎಲ್ಲ ಒಟ್ಟಿಗೆ ಅದೇ ಜಾಗಕ್ಕೆ ನುಗ್ಗಿದರೆ ಕಹಳೆ ಮುಚ್ಚಿಹೋಗುತ್ತದೆ. ಆದ್ದರಿಂದಲೇ ಇಂಥ ಆಟಗಳಲ್ಲಿ ತಗ್ಗು ಶ್ರುತಿಯ ಚರ್ಮವಾದ್ಯ, ಮೀಟುವ ತಂತಿ, ಉಸಿರು ತುಂಬಿದ ಕೊಳಲು ಇವಕ್ಕೆ ಮನ್ನಣೆ ಹೆಚ್ಚು. ಮೀಟಿದ ತಂತಿಯ ನಾದ ಹುಟ್ಟಿದೊಡನೆ ಇಳಿಯತೊಡಗುತ್ತದೆ, ಮುಂದಿನ ಸದ್ದಿಗೆ ತಾನೇ ಜಾಗ ಬಿಡುತ್ತದೆ. ಎಳೆದು ನಿಲ್ಲಿಸಿದ ಪಿಟೀಲುಗಳ ಗುಂಪು ಹಾಗೆ ಬಿಡುವುದಿಲ್ಲ.

ಇಷ್ಟು ಅಡಿಪಾಯ. ಸಂಗೀತ ಇತಿಹಾಸವನ್ನು ಹೇಗೆ ಹೇಳುತ್ತದೆ ಎಂಬ ಪ್ರಶ್ನೆ ಇದಕ್ಕಿಂತ ಸ್ವಾರಸ್ಯದ್ದು. ಅದನ್ನು ನೋಡಲು ಸಿವಿಲೈಸೇಶನ್ ಸರಣಿಯಷ್ಟು ಒಳ್ಳೆಯ ಉದಾಹರಣೆ ಇಲ್ಲ, ಯಾಕೆಂದರೆ ಅಲ್ಲಿ ಒಂದೇ ಪ್ರಶ್ನೆಗೆ ಮೂರು ಆಟಗಳು ಮೂರು ಉತ್ತರ ಕೊಟ್ಟಿವೆ.

2005ರ ಸಿವಿಲೈಸೇಶನ್ 4 ಗಡಿಯಾರವನ್ನು ಹಿಂಬಾಲಿಸಿತು. ಮಧ್ಯಯುಗಕ್ಕೆ ಬಂದರೆ ಹಳೆಯ ಚರ್ಚ್ ಗಾಯನ, ಮುಂದೆ ಬಾಖ್, ಮೊಜಾರ್ಟ್, ಬೀಥೋವನ್, ಕೈಗಾರಿಕಾ ಯುಗಕ್ಕೆ ಡ್ವೊರಾಕ್, ಬ್ರಾಮ್ಸ್, ಆಧುನಿಕ ಯುಗಕ್ಕೆ ಅಮೆರಿಕದ ಜಾನ್ ಆಡಮ್ಸ್. ಯುಗ ಬದಲಾದದ್ದನ್ನು ಕಿವಿ ಕಣ್ಣಿಗಿಂತ ಮೊದಲು ಹೇಳುತ್ತಿತ್ತು. ಕೊರತೆಯೂ ಅಷ್ಟೇ ಎದ್ದು ಕಾಣುವಂಥದ್ದು: ನೀವು ಅಜ್ಟೆಕರಾಗಿ ಆಡಿದರೂ ಭಾರತವಾಗಿ ಆಡಿದರೂ ಕಾಲ ಸರಿಯುವುದು ಯುರೋಪಿನ ಸಂಗೀತ ಚರಿತ್ರೆಯ ಪ್ರಕಾರವೇ. ಅದೇ ಆಟದ ಮೆನುವಿನಲ್ಲಿ, ಬಾಹ್ಯಾಕಾಶದಲ್ಲಿ ಭೂಮಿ ತಿರುಗುವಾಗ ಬರುವ ‘ಬಾಬಾ ಯೇತು’ ಮಾತ್ರ ಬೇರೆ ದಾರಿ ಹಿಡಿಯಿತು. ಕ್ರೈಸ್ತರ ‘ಪರಲೋಕದ ತಂದೆ’ ಪ್ರಾರ್ಥನೆಯ ಸ್ವಾಹಿಲಿ ಪಠ್ಯಕ್ಕೆ ರಾಗ ಹಾಕಿದವರು ಕ್ರಿಸ್ಟೋಫರ್ ಟಿನ್. ಆಟದ ಮುಖ್ಯ ವಿನ್ಯಾಸಕ ಸೊರೆನ್ ಜಾನ್ಸನ್ ಅವರಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದೇ ಕೋಣೆಯ ಗೆಳೆಯ. 2011ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು, ವಿಡಿಯೋ ಗೇಮ್‌ಗಾಗಿ ಬರೆದ ಕೃತಿಯೊಂದಕ್ಕೆ ಸಿಕ್ಕ ಮೊದಲ ಗ್ರ್ಯಾಮಿ. ಮೆನುವಿನಲ್ಲಿ ಆಟಗಾರನಿಗೆ ಬೇರೆ ಕೆಲಸ ಇಲ್ಲ, ಹಾಗಾಗಿ ಅಲ್ಲೊಂದೇ ಕಡೆ ಪೂರ್ತಿ ಕಿವಿ ಸಿಗುತ್ತದೆ. ಗುಂಪು ಗಾಯನವನ್ನು ಅಲ್ಲಿಟ್ಟದ್ದು ಸರಿಯಾದ ಲೆಕ್ಕಾಚಾರ. ಆಟದ ನಡುವೆ ಅದು ಬಂದಿದ್ದರೆ ಯಾರೂ ಯೋಚನೆ ಮಾಡಲಾಗುತ್ತಿರಲಿಲ್ಲ.

2010ರ ಐದನೆಯ ಆಟ ಗಡಿಯಾರ ಬಿಟ್ಟು ನಕ್ಷೆಯನ್ನು ಹಿಡಿಯಿತು. ಸಂಗೀತವನ್ನು ಭೂಭಾಗದ ಮೇಲೆ ಗುಂಪು ಮಾಡಿ, ಪ್ರತಿ ನಾಯಕನಿಗೂ ಶಾಂತಿಗೊಂದು ಯುದ್ಧಕ್ಕೊಂದು ರೂಪ ಕೊಟ್ಟರು. ಯುರೋಪಿನ ಹಿಡಿತ ಸಡಿಲವಾಯಿತು, ನಿಜ. ಆದರೆ ಜಪಾನಿಗೂ ಸಿಯಾಮಿಗೂ ಏಷ್ಯಾ ಎಂಬ ಒಂದೇ ಚೀಲವಾಯಿತು.

2016ರ ಆರನೆಯದು ಈ ಎರಡನ್ನೂ ಕೂಡಿಸಿತು. ಜೆಫ್ ನಾರ್ ಮತ್ತು ಜೊತೆಗಾರರು ಪ್ರತಿ ನಾಗರಿಕತೆಗೂ ಒಂದು ಧಾಟಿ ಆರಿಸಿ ಅದನ್ನು ಪ್ರಾಚೀನ, ಮಧ್ಯಯುಗ, ಕೈಗಾರಿಕೆ, ಅಣುಯುಗ ಎಂದು ನಾಲ್ಕು ಸಲ ಕಟ್ಟಿದರು. ಇಂಗ್ಲೆಂಡಿಗೆ ‘ಸ್ಕಾರ್ಬರೋ ಫೇರ್’, ಚೀನಾಕ್ಕೆ ಮಲ್ಲಿಗೆ ಹೂವಿನ ಜನಪದ ಗೀತೆ, ರಷ್ಯಾಕ್ಕೆ ‘ಕಲಿಂಕಾ’. ಪ್ರಾಚೀನ ಯುಗದಲ್ಲಿ ಒಂದೆರಡು ವಾದ್ಯ, ಧಾಟಿಯ ಎಲುಬುಗೂಡು ಅಷ್ಟೇ. ಕೈಗಾರಿಕಾ ಯುಗಕ್ಕೆ ಬಂದಾಗ ಅದೇ ಧಾಟಿ ಇಡೀ ಆರ್ಕೆಸ್ಟ್ರಾದ ಮೈ ತುಂಬಿಕೊಂಡಿರುತ್ತದೆ. ಕಛೇರಿ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಪಲ್ಲವಿಯ ಒಂದೇ ಸಾಲನ್ನು ಸಂಗತಿಯ ಮೇಲೆ ಸಂಗತಿ ಹಾಕಿ ಬೆಳೆಸುವಾಗ ಆರನೆಯ ಸಂಗತಿಯಲ್ಲೂ ಮೊದಲನೆಯದು ಒಳಗೆ ಕೇಳುತ್ತಿರುತ್ತದೆ. ಇಲ್ಲಿ ಒಂದು ಸಂಗತಿಗೂ ಇನ್ನೊಂದಕ್ಕೂ ನಡುವೆ ನೂರಾರು ವರ್ಷ, ಆಟಗಾರನ ಲೆಕ್ಕದಲ್ಲಿ ನಾಲ್ಕೈದು ಗಂಟೆ. ಸಂಜೆ ಶುರು ಮಾಡಿದ ಆಟದಲ್ಲಿ ಮಧ್ಯರಾತ್ರಿಯ ಹೊತ್ತಿಗೆ ಆ ಧಾಟಿ ತುಂಬಿ ಬಂದಾಗ ಎದೆ ತುಂಬುತ್ತದೆ. ಕಾಲ ಸರಿದದ್ದನ್ನು ಇಷ್ಟು ನೇರವಾಗಿ ಮುಟ್ಟಿಸಬಲ್ಲ ಬೇರೆ ಉಪಾಯ ಈ ಆಟಗಳ ಬಳಿ ಇಲ್ಲ.

ಅದಕ್ಕಿಂತಲೂ ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಏರ್ಪಾಡು. ನೀವು ನೆರೆಯ ನಾಗರಿಕತೆಯನ್ನು ಭೇಟಿಯಾಗುವ ತನಕ ನಿಮ್ಮ ಧಾಟಿ ಮಾತ್ರ ಕೇಳುತ್ತೀರಿ. ಭೇಟಿಯಾದ ಮೇಲೆ ಅವರದೂ ಪಾಳಿಯಲ್ಲಿ ಸೇರಿಕೊಳ್ಳುತ್ತದೆ. ಗ್ರೀಕರು ಎದುರಾದರೆ ಸೆಯ್ಕಿಲೋಸ್ ಶಾಸನದ ಹಾಡು ಬರುತ್ತದೆ. ಅದು ಟರ್ಕಿಯ ಐದಿನ್ ಬಳಿ ಸಿಕ್ಕ ಕಲ್ಲುಕಂಬದ ಮೇಲೆ ಸ್ವರಲಿಪಿ ಸಮೇತ ಕೆತ್ತಿದ್ದು, ಕ್ರಿಸ್ತಶಕದ ಒಂದೆರಡನೇ ಶತಮಾನದ್ದು, ಪೂರ್ತಿಯಾಗಿ ಉಳಿದುಬಂದ ಹಾಡುಗಳಲ್ಲೇ ಅತಿ ಹಳೆಯದು. ಕಲ್ಲು ಈಗ ಡೆನ್ಮಾರ್ಕಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಅದೇ ಆಟದಲ್ಲಿ ಅಮೆರಿಕಕ್ಕೆ ಕೊಟ್ಟ, ಸ್ಟೀಫನ್ ಫಾಸ್ಟರ್ 1854ರಲ್ಲಿ ಬರೆದ ಹಾಡು, ಆಟ ಆರಂಭವಾಗುವ ಕ್ರಿಸ್ತಪೂರ್ವ 4000ದಲ್ಲೇ ಶುರುವಾಗುತ್ತದೆ. ಇತಿಹಾಸದ ಕಣ್ಣಲ್ಲಿ ಇದು ತಪ್ಪು. ಸಂಗೀತದ ಕಣ್ಣಲ್ಲಿ ತಪ್ಪಲ್ಲ ಎಂದೇ ನನ್ನ ವಾದ. ಕೊನೆಗೆ ಕೇಳಬೇಕಾದ ಸಾಲು ಮೊದಲೇ ಬೀಜವಾಗಿ ಬೀಳದಿದ್ದರೆ ಆ ಬೆಳವಣಿಗೆ ಕಿವಿಗೆ ಸಿಗುವುದೇ ಇಲ್ಲ.

ಸಿವಿಲೈಸೇಶನ್‌ನಲ್ಲಿ ಸರದಿಯ ಆಟ, ಸಮಯ ಸಾಕಷ್ಟಿದೆ. ಯುದ್ಧ ಕಣ್ಣೆದುರೇ ನಡೆಯುವ ಟೋಟಲ್ ವಾರ್‌ನಂಥ ಆಟಗಳಲ್ಲಿ ಕಷ್ಟ ಬೇರೆ: ಸಂಗೀತ ಯಾವಾಗ ಬದಲಾಗಬೇಕು? 2004ರ ರೋಮ್: ಟೋಟಲ್ ವಾರ್‌ಗೆ ಜೆಫ್ ವ್ಯಾನ್ ಡೈಕ್ ಕೊಟ್ಟ ಸಂಗೀತ ಈ ಕಷ್ಟವನ್ನು ಹೊತ್ತುಗಳಾಗಿ ಒಡೆಯುತ್ತದೆ. ಸೈನ್ಯ ಹೂಡುವ ಹೊತ್ತಿಗೆ ಒಂದು, ಎರಡು ಪಡೆ ಹತ್ತಿರವಾಗುವ ಬಿಗುವಿಗೆ ಒಂದು, ಕೈಕೈ ಮಿಲಾಯಿಸಿದಾಗ ಇನ್ನೊಂದು.

ಇದರ ಹಿಂದಿನ ತಂತ್ರಗಳು ಎರಡು, ಎರಡನ್ನೂ ಯಕ್ಷಗಾನದ ಹಿಮ್ಮೇಳದಿಂದಲೇ ವಿವರಿಸಬಹುದು. ಭಾಗವತರ ಪದ, ಮದ್ದಳೆ ನಡೆಯುತ್ತಲೇ ಇರುತ್ತವೆ. ಯುದ್ಧದ ಪದಕ್ಕೆ ಚೆಂಡೆ ಮೇಲೆ ಬಂದು ಕೂರುತ್ತದೆ, ತಾಳ ಮುರಿಯುವುದಿಲ್ಲ. ಗೇಮ್‌ನಲ್ಲಿ ಇದನ್ನೇ ಪದರ ಹೇರುವುದು ಎನ್ನಬಹುದು. ಒಂದೇ ವೇಗದ, ಒಂದೇ ಶ್ರುತಿಯ ಮೂರ್ನಾಲ್ಕು ಧ್ವನಿಪಟ್ಟಿ ಒಟ್ಟಿಗೆ ಓಡುತ್ತಿರುತ್ತವೆ, ಬೇಡದ್ದರ ಸದ್ದು ಸೊನ್ನೆಯಲ್ಲಿರುತ್ತದೆ, ಯುದ್ಧ ಶುರುವಾದರೆ ಚೆಂಡೆಯ ಪಟ್ಟಿಯನ್ನು ಏರಿಸುತ್ತಾರೆ. ಇನ್ನೊಂದು ತಂತ್ರ ಬಿಡ್ತಿಗೆ, ಮುಕ್ತಾಯದ ಹಾಗೆ. ಒಂದು ಪದದಿಂದ ಇನ್ನೊಂದಕ್ಕೆ ಹೋಗಲು ಆವರ್ತ, ಅಂದರೆ ತಾಳದ ಒಂದು ಸುತ್ತು, ಮುಗಿಯುವ ತನಕ ಕಾಯಬೇಕು, ನಡುವೆ ಕತ್ತರಿಸುವಂತಿಲ್ಲ. ಆಟ ಕಾಯದೆ ಕತ್ತರಿಸಿದರೆ ಆಟಗಾರನಿಗೆ ಸಂಗೀತ ಶಾಸ್ತ್ರ ಗೊತ್ತಿಲ್ಲದಿದ್ದರೂ ಏನೋ ಎಡವಿದಂತೆ ಅನ್ನಿಸುತ್ತದೆ.

ಸಾಮಾನ್ಯವಾಗಿ ಕೆಡುವುದು ಹೀಗೆ. ಗಡಿಯಲ್ಲಿ ನಾಲ್ಕು ಬಿಲ್ಲುಗಾರರು ಎರಡು ಬಾಣ ಬಿಟ್ಟರು, ಸಂಗೀತ ಅಬ್ಬರಿಸಿತು. ಅವರು ಹಿಂದೆ ಸರಿದರು, ಸಂಗೀತ ಇಳಿಯಿತು. ಮತ್ತೆ ಬಾಣ, ಮತ್ತೆ ಅಬ್ಬರ. ಅಬ್ಬರಕ್ಕೆ ಹೋಗುವ ಹೊಸ್ತಿಲನ್ನೂ ಅಲ್ಲಿಂದ ಇಳಿಯುವ ಹೊಸ್ತಿಲನ್ನೂ ಒಂದೇ ಅಳತೆಯಲ್ಲಿ ಇಟ್ಟರೆ ಹೀಗಾಗುತ್ತದೆ. ಏರಲು ಹೆಚ್ಚು ಸೈನಿಕರು ಬೇಕು, ಇಳಿಯಲು ಬಹಳ ಕಡಿಮೆಯಾಗಬೇಕು, ಒಮ್ಮೆ ಏರಿದ ಮೇಲೆ ಕನಿಷ್ಠ ಇಪ್ಪತ್ತು ಮೂವತ್ತು ಸೆಕೆಂಡು ಅಲ್ಲೇ ಇರಬೇಕು. ಇಷ್ಟು ಮಾಡಿದರೆ ತೊಂದರೆ ಬಹುತೇಕ ಹೋಗುತ್ತದೆ.

ಈಗ ನಮ್ಮ ಕಡೆಗೆ ಬರುತ್ತೇನೆ, ಯಾಕೆಂದರೆ ಈ ಆಟಗಳಲ್ಲಿ ನಮ್ಮ ನೆಲವೂ ಇದೆ. 2013ರ ಯುರೋಪಾ ಯೂನಿವರ್ಸಾಲಿಸ್ 4 ಶುರುವಾಗುವುದು 1444ರ ನವೆಂಬರ್ 11ರಂದು. ಆ ದಿನ ವಿಜಯನಗರದ ಸಿಂಹಾಸನದಲ್ಲಿ ಇಮ್ಮಡಿ ದೇವರಾಯ, ಉತ್ತರಕ್ಕೆ ಬಹಮನಿಗಳು. ಆಂಡ್ರಿಯಾಸ್ ವಾಲ್ಡೆಟಾಫ್ಟ್ ಆ ಆಟಕ್ಕೆ ಕೊಟ್ಟ ಸಂಗೀತ ಗಂಭೀರವಾಗಿದೆ. ಆದರೆ ಅದರ ಬೇರು ಯುರೋಪಿನ ಆರ್ಕೆಸ್ಟ್ರಾದಲ್ಲಿದೆ. ಹಂಪಿಯಲ್ಲಿ ಕೂತು ಅದನ್ನು ಕೇಳುವಾಗ ನಕ್ಷೆ ಒಂದು ಕಡೆ, ಕಿವಿ ಒಂದು ಕಡೆ.

ಹೊರಗಿನವರು ಭಾರತದ ಸಂಗೀತ ಹಾಕಲು ಹೊರಟಾಗ ಕೈ ಹೋಗುವುದು ಸಿತಾರ್, ತಬಲಾದ ಕಡೆಗೆ. ಎರಡೂ ನಮಗೆ ಗೊತ್ತಿರುವ ರೂಪಕ್ಕೆ ಬಂದದ್ದು 18ನೇ ಶತಮಾನದಲ್ಲಿ, ಉತ್ತರದಲ್ಲಿ. 1444ರ ವಿಜಯನಗರಕ್ಕೆ ಅವು ಮುನ್ನೂರು ವರ್ಷ ದೂರ. ಆಧಾರ ಬೇಕೆಂದರೆ ಹುಡುಕುವ ಕಷ್ಟವೂ ಇಲ್ಲ. ಹಂಪಿಯ ಮಹಾನವಮಿ ದಿಬ್ಬದ ಕೆತ್ತನೆಗಳಲ್ಲಿ ಕುಣಿಯುವವರು, ಕೋಲಾಟದವರು ಸಾಲು ಸಾಲಾಗಿ ಇದ್ದಾರೆ. ಆಟ ಶುರುವಾಗುವ ದಿನಾಂಕಕ್ಕೆ ಸುಮಾರು ಒಂದು ವರ್ಷ ಮೊದಲು, 1443ರಲ್ಲಿ, ಪರ್ಶಿಯದ ರಾಯಭಾರಿ ಅಬ್ದುರ್ ರಜಾಕ್ ಅದೇ ಊರಿನಲ್ಲಿ ಮಹಾನವಮಿ ನೋಡಿದ. ಹಾಡುಗಾರರ ತಾಳಕ್ಕೆ ಸರಿಯಾಗಿ ಸೊಂಡಿಲು ಎತ್ತಿ ಇಳಿಸುತ್ತಿದ್ದ ಆನೆಯ ಬಗ್ಗೆ ಬರೆದಿಟ್ಟಿದ್ದಾನೆ. ಆಟದ ಕಾಲದೊಳಗೇ ಪುರಂದರದಾಸರು ಬರುತ್ತಾರೆ, 1550ರಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ರಾಗಗಳನ್ನು ಗುಂಪು ಮಾಡುವ ಮೇಳಗಳ ಶಾಸ್ತ್ರವನ್ನೇ ಬರೆಯುತ್ತಾನೆ. ಬಹಮನಿ ಒಡೆದು ಬಿಜಾಪುರ ಹುಟ್ಟಿದರೆ ಅಲ್ಲಿ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹಿ ಇದ್ದಾನೆ. ಸರಸ್ವತಿಯನ್ನು ನೆನೆದು ದಖನಿಯಲ್ಲಿ ಗೀತೆಗಳನ್ನು ಬರೆದ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟ ಸುಲ್ತಾನ. ಇಷ್ಟು ಸಾಮಗ್ರಿ ಇರುವ ಇನ್ನೊಂದು ರಾಜ್ಯವನ್ನು ಆ ನಕ್ಷೆಯಲ್ಲಿ ಹುಡುಕುವುದು ಕಷ್ಟ.

ಯುರೋಪಾ ಯೂನಿವರ್ಸಾಲಿಸ್ 4ಕ್ಕೆ ನಮ್ಮದೇ ಸಂಗೀತ ಸೇರಿಸಬಹುದು, ಕೋಡಿಂಗ್ ಬರಬೇಕಿಲ್ಲ. ಲಾಂಚರ್‌ನಲ್ಲಿ ಹೊಸ ಮಾಡ್ (ಆಟಗಾರರೇ ಆಟಕ್ಕೆ ಸೇರಿಸುವ ಬದಲಾವಣೆ) ಮಾಡಿದರೆ ಡಾಕ್ಯುಮೆಂಟ್ಸ್ ಒಳಗಿನ ಆಟದ ಫೋಲ್ಡರಿನಲ್ಲಿ ಅದಕ್ಕೊಂದು ಜಾಗ ಸಿಗುತ್ತದೆ. ಅದರೊಳಗೆ ‘ಮ್ಯೂಸಿಕ್’ ಎಂಬ ಫೋಲ್ಡರ್ ಮಾಡಿ, ಮೂರು ಬಗೆಯ ಫೈಲ್ ಇಡಬೇಕು. ಒಂದು, ಹಾಡು: ಓಜಿಜಿ ವೋರ್ಬಿಸ್ ಬಗೆಯದ್ದು, 44100 ಹರ್ಟ್ಸ್, ಸ್ಟೀರಿಯೋ. ಎರಡು, ಅಸೆಟ್ ಫೈಲ್: ಇಂಥ ಹೆಸರಿನ ಹಾಡಿಗೆ ಇಂಥ ಓಜಿಜಿ, ಇಷ್ಟು ಸದ್ದು ಎಂದು ಹೇಳುವುದು. ಮೂರು, ಟೆಕ್ಸ್ಟ್ ಫೈಲ್: ಆ ಹೆಸರಿನ ಹಾಡು ಯಾವಾಗ, ಎಷ್ಟು ಸಾಧ್ಯತೆಯಲ್ಲಿ ಬರಬೇಕು ಎಂದು ಹೇಳುವುದು. ಸಾಧ್ಯತೆಗೆ ಫ್ಯಾಕ್ಟರ್ ಎಂಬ ಅಂಕಿ ಇದೆ. ಮೊದಲು 1 ಇಡಿ. ಆಟದಲ್ಲಿ ಪ್ರತಿ ರಾಜ್ಯಕ್ಕೂ ಮೂರಕ್ಷರದ ಗುರುತು, ಅಂದರೆ ಟ್ಯಾಗ್ ಇದೆ; ವಿಜಯನಗರದ್ದು ವಿಐಜೆ (VIJ), ಅದಲ್ಲದಿದ್ದರೆ ಫ್ಯಾಕ್ಟರ್ 0 ಎಂದು ಒಂದು ಷರತ್ತು ಸೇರಿಸಿ. ಯುದ್ಧದ ತುಣುಕಾದರೆ ಯುದ್ಧ ಇಲ್ಲದಾಗ 0 ಎಂದು ಇನ್ನೊಂದು.

ಹಾಡು ಕೇಳಿಸಲಿಲ್ಲವೆಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಹೆಸರು. ಅಸೆಟ್ ಫೈಲಿನೊಳಗೆ ಬರೆದ ಹಾಡಿನ ಹೆಸರಿಗೂ ಟೆಕ್ಸ್ಟ್ ಫೈಲಿನೊಳಗೆ ಬರೆದ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ಆಟ ದೂರು ಹೇಳುವುದಿಲ್ಲ, ಸುಮ್ಮನೆ ಹಾಡು ಬರುವುದಿಲ್ಲ. ಫೈಲ್ ಹೆಸರಿನಲ್ಲಿ ಕನ್ನಡ ಅಕ್ಷರ, ಖಾಲಿ ಜಾಗ ಬೇಡ. ವರ್ಡ್‌ನಲ್ಲಿ ಬರೆದು ಅಂಟಿಸಿದರೆ ಉದ್ಧರಣ ಚಿಹ್ನೆ ಬಾಗಿಕೊಂಡು ಇಡೀ ಫೈಲ್ ಕೆಡುತ್ತದೆ, ನೋಟ್‌ಪ್ಯಾಡ್ ಸಾಕು. ಟೆಕ್ಸ್ಟ್ ಫೈಲಿಗೆ ಮೂಲ ಆಟದ ಫೈಲಿನ ಹೆಸರೇ ಇಟ್ಟರೆ ಮೂಲ ಹಾಡುಗಳೆಲ್ಲ ಮಾಯವಾಗುತ್ತವೆ, ಬೇರೆ ಹೆಸರಿಟ್ಟರೆ ಅವುಗಳ ಜೊತೆಗೆ ಸೇರುತ್ತವೆ. 48000 ಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನು ಹಾಗೇ ತುರುಕಬೇಡಿ. ಧ್ವನಿ ತಿದ್ದುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಪ್ರಾಜೆಕ್ಟ್ ದರವನ್ನು 44100ಕ್ಕೆ ಇಳಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ.

ಸದ್ದಿನ ಮಟ್ಟ ಇನ್ನೊಂದು ತೊಡಕು. ಕಛೇರಿಯ ರೆಕಾರ್ಡಿಂಗ್‌ನಲ್ಲಿ ಆಲಾಪ ಪಿಸುಮಾತಿನಷ್ಟು, ಮೃದಂಗದ ತನಿ ಗುಡುಗಿನಷ್ಟು. ಆಟದಲ್ಲಿ ಪಿಸುಮಾತು ಕೇಳುವುದಿಲ್ಲ, ಗುಡುಗು ಎಚ್ಚರಿಕೆಯ ಸದ್ದನ್ನು ನುಂಗುತ್ತದೆ. ಮೂಲ ಆಟದ ಒಂದು ಹಾಡನ್ನು ಆಡಾಸಿಟಿಯಲ್ಲಿ ತೆರೆದು ಪಕ್ಕದಲ್ಲಿಟ್ಟುಕೊಂಡು, ಮೊದಲು ಹದವಾಗಿ ಕಂಪ್ರೆಸ್ ಮಾಡಿ (ಪಿಸುಮಾತಿಗೂ ಗುಡುಗಿಗೂ ಇರುವ ಅಂತರ ತಗ್ಗಿಸಿ), ಆಮೇಲೆ ಲೌಡ್‌ನೆಸ್ ನಾರ್ಮಲೈಸೇಶನ್‌ನಿಂದ ಅದೇ ಮಟ್ಟಕ್ಕೆ ತನ್ನಿ. ಹಾಡಿನ ಉದ್ದ ಮೂರು ನಾಲ್ಕು ನಿಮಿಷ ಸಾಕು. ಆದಿತಾಳ, ನಿಮಿಷಕ್ಕೆ 80 ಎಣಿಕೆ ಎಂದಾದರೆ ಒಂದು ಆವರ್ತ 6 ಸೆಕೆಂಡು, ಮೂರು ನಿಮಿಷಕ್ಕೆ ಸರಿಯಾಗಿ 30 ಆವರ್ತ. ಆವರ್ತದ ಮೊದಲ ಎಣಿಕೆಯಾದ ಸಮದ ಮೇಲೆ ಮುಗಿಸಿ, ತಂಬೂರಿಯನ್ನು ಮಾತ್ರ ಇನ್ನೈದು ಸೆಕೆಂಡು ಉಳಿಸಿ ಇಳಿಸಿ.

ಕೀಬೋರ್ಡಿನಲ್ಲೇ ವೀಣೆ ಕಟ್ಟುವವರಿಗೆ ಒಂದು ಮಾತು. ಸ್ವರವನ್ನು ಜಾರಿಸುವ ಪಿಚ್ ಬೆಂಡ್ ರೂಢಿಯಲ್ಲಿ ಎರಡು ಸ್ವರಸ್ಥಾನಕ್ಕೆ ಹೊಂದಿಸಿರುತ್ತದೆ, ವೀಣೆಯ ತಂತಿಯನ್ನು ಅದಕ್ಕಿಂತ ಹೆಚ್ಚು ಎಳೆಯುತ್ತಾರೆ. ಐದಕ್ಕೆ ಏರಿಸಿಕೊಂಡು, ಒಂದು ಮೀಟಿಗೆ ಮೂರು ಸ್ವರ ಬರುವಂತೆ ನುಡಿಸಿ. ಪ್ರತಿ ಸ್ವರಕ್ಕೂ ಬೇರೆ ಮೀಟು ಬಿದ್ದರೆ ಗಮಕ ಸತ್ತು ಪಿಯಾನೋ ಆಗುತ್ತದೆ. ಕೆಳಗೆ ಪಿಟೀಲುಗಳ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಾಸುವ ಆಸೆಯನ್ನೂ ತಡೆದುಕೊಳ್ಳಬೇಕು, ಮಾಯಾಮಾಳವಗೌಳದಲ್ಲಂತೂ ಖಂಡಿತ. ನಮ್ಮ ಮಕ್ಕಳು ಸರಳೆ ವರಸೆ ಕಲಿಯುವ ರಾಗ ಅದು. ಅದೇ ಏಳು ಸ್ವರಗಳನ್ನು ಗಮಕ ತೆಗೆದು ಆರ್ಕೆಸ್ಟ್ರಾದ ಕೈಗೆ ಕೊಟ್ಟರೆ ಸಿನಿಮಾದ ಮರುಭೂಮಿ, ಒಂಟೆಗಳ ಸಾಲು ಕಣ್ಣಿಗೆ ಬರುತ್ತದೆ. ರಿಷಭವನ್ನು ಷಡ್ಜದಿಂದ ತೂಗಿ ತಂದಾಗಷ್ಟೇ ಅದು ತುಂಗಭದ್ರೆಯ ಈ ದಡಕ್ಕೆ ಬರುತ್ತದೆ. ಮಾಡ್ ಹಂಚುವುದಾದರೆ ದಾಸರ ಪದಕ್ಕೆ ಯಾರ ಹಕ್ಕೂ ಇಲ್ಲ, ಹಾಡಿದವರ ರೆಕಾರ್ಡಿಂಗ್‌ಗೆ ಇದೆ. ನಮ್ಮ ಕಾನೂನಿನಲ್ಲಿ ಅದು ಪ್ರಕಟವಾದ ಮೇಲೆ 60 ವರ್ಷ. ಹೊಸದಾಗಿ ನುಡಿಸಿ ರೆಕಾರ್ಡ್ ಮಾಡುವುದೇ ಲೇಸು.

ಪರೀಕ್ಷಿಸುವಾಗ ನಿಮ್ಮ ಹಾಡಿನ ಫ್ಯಾಕ್ಟರನ್ನು ತಾತ್ಕಾಲಿಕವಾಗಿ 50ಕ್ಕೆ ಏರಿಸಿ, ವಿಜಯನಗರವನ್ನು ತೆರೆದು, ಸಂಗೀತದ ಸದ್ದನ್ನು ಎಂದಿನ ಮಟ್ಟದಲ್ಲೇ ಬಿಟ್ಟು ಎರಡು ಗಂಟೆ ನಿಜವಾಗಿ ಆಡಿ. ಹೆಡ್‌ಫೋನ್ ಹಾಕಿ ಕಣ್ಮುಚ್ಚಿ ಕೇಳಿದರೆ ಏನೂ ತಿಳಿಯದು. ಬಹಮನಿಗಳ ಜೊತೆ ಯುದ್ಧ ನಡೆಯುತ್ತಾ ಸಾಲದ ಲೆಕ್ಕ ಹಾಕುತ್ತಿರುವಾಗ ಯಾವ ಜಾಗದಲ್ಲಿ ಕಿವಿ ತಾನಾಗಿ ಸಂಗೀತದ ಕಡೆ ತಿರುಗುತ್ತದೆಂದು ಚೀಟಿಯಲ್ಲಿ ನಿಮಿಷ, ಸೆಕೆಂಡು ಬರೆದಿಟ್ಟುಕೊಳ್ಳಿ. ಒಂದೇ ಜಾಗ ಮೂರು ಸಲ ಚೀಟಿಗೆ ಬಂದರೆ ಅಲ್ಲಿ ಕತ್ತರಿ ಆವರ್ತದ ನಡುವೆ ಬಿದ್ದಿದೆ, ಇಲ್ಲವೇ ನಾಗಸ್ವರ ಹೆಚ್ಚಾಗಿದೆ. ಅದನ್ನು ತಿದ್ದಿ, ಫ್ಯಾಕ್ಟರನ್ನು ಮತ್ತೆ 1ಕ್ಕೆ ಇಳಿಸಿ.